ಎಡದಿಂದ ಬಲಕ್ಕೆ, ಒಂದು

“ಇದು ಅವರದ್ದೇ ಅಮ್ಮಾ,” ಎಂದಳು ಯಾಮಿನಿ. “ಇಂಥ ತರಲೆ ಇನ್ನೊಬ್ಬರ ತಲೆಗೆ ಹೊಳೆಯಲ್ಲ.”

ಜಂಗಮಕೋಟೆಯ ಆ ಮನೆಯ ನಡುಮನೆಯಲ್ಲಿ ಭಾನುವಾರದ ‘ಗಡಿಸೀಮೆ’ ಪತ್ರಿಕೆ ಹರಡಿಕೊಂಡು ಬಿದ್ದಿತ್ತು. ಕೊನೆಯ ಪುಟದ ಮೂಲೆಯಲ್ಲಿ ಎಂದಿನಂತೆ ವೆಂಕಟರವಣಪ್ಪನವರ ಗೂಢ ಪದಬಂಧ. ಎಂದಿನಂತಿಲ್ಲದ್ದು ಒಂದೇ. ಪದಬಂಧ ಕಟ್ಟುವ ವೆಂಕಟರವಣಪ್ಪ ಬುಧವಾರ ಬೆಳಿಗ್ಗೆಯಿಂದ ಕಾಣೆಯಾಗಿದ್ದರು. ಪದಬಂಧ ಮಾತ್ರ ಶುಕ್ರವಾರ ಸಂಜೆ ಅವರ ಫೋನಿನಿಂದಲೇ ಚಿಕ್ಕಬಳ್ಳಾಪುರದ ಪತ್ರಿಕಾ ಕಚೇರಿಗೆ ಬಂದು ತಲುಪಿತ್ತು.

“ಅವರದ್ದೇ ಆದ್ರೆ ಬದುಕಿದಾರೆ ಅಂತ ತಾನೇ?” ವೆಂಕಟರವಣಪ್ಪನವರ ಹೆಂಡತಿ ಯಶೋದಮ್ಮ ಕೇಳಿದರು. ನಾಲ್ಕು ದಿನದಲ್ಲಿ ಆಕೆಯ ಮುಖ ಇಳಿದು ಹೋಗಿತ್ತು.

“ಶುಕ್ರವಾರದವರೆಗೂ ಇದ್ರು.”

ಹೇಳಿದ ಮೇಲೆ ಯಾಮಿನಿ ತನ್ನ ನಾಲಿಗೆಯನ್ನು ತಾನೇ ಬೈದುಕೊಂಡಳು. ಸಬ್ ಇನ್ಸ್‌ಪೆಕ್ಟರ್ ಆದ ಮೇಲೆ ಮಾತಿನಲ್ಲಿ ತುಪ್ಪ ಸವರುವುದು ಮರೆತೇ ಹೋಗಿತ್ತು ಅವಳಿಗೆ.

ಬೆಳಿಗ್ಗೆ ಸಾಹೇಬರು ಫೋನಿನಲ್ಲಿ ತುಪ್ಪವನ್ನೇ ಸವರಿದ್ದರು. “ಮುದುಕರು ಮುರುಗಮಲ್ಲದ ಕಡೆ ಆರಾಮಾಗಿದಾರೆ ಕಣಮ್ಮ. ಫೋನ್ ಅಲ್ಲೇ ಆನ್ ಆಗಿದ್ದು. ಪದಬಂಧ ಬರೆಯೋಷ್ಟು ಪುರುಸೊತ್ತಿರೋರನ್ನ ನಾವ್ಯಾಕೆ ಹುಡುಕಬೇಕು? ನಾಳೆಯಿಂದ ನಿನ್ನ ಹುಡುಗರನ್ನ ಬೇರೆ ಕೆಲಸಕ್ಕೆ ಹಾಕು.”

ಆರಾಮಾಗಿದ್ದಾರೆ ಎಂದು ಯಾಮಿನಿಗೆ ಅನ್ನಿಸಿರಲಿಲ್ಲ. ವೆಂಕಟರವಣಪ್ಪನವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಇನ್ಸುಲಿನ್ ಸೂಜಿ ಬೀಳಲೇಬೇಕು. ಹೋದವರು ಅದನ್ನು ಒಯ್ದಿರಲಿಲ್ಲ. ಸೂಜಿಯಿಲ್ಲದೆ ಇಷ್ಟು ದಿನ ಕಳೆದರೆ ಮನುಷ್ಯ ಯಾವ ಗಳಿಗೆಯಲ್ಲಾದರೂ ಕುಸಿಯಬಹುದು ಎಂದು ಡಾಕ್ಟರು ಹೇಳಿದ್ದರು.

ಅದೂ ಸಾಲದೆಂಬಂತೆ ನಾಳೆ ಸೋಮವಾರ. ಚಿಂತಾಮಣಿಯ ಕೋರ್ಟಿನಲ್ಲಿ ಅವರು ಸಾಕ್ಷಿ ಹೇಳಬೇಕಾದ ದಿನ. ಹೋದ ವರ್ಷ ಸೊಪ್ಪು ಹೊತ್ತು ಬರುತ್ತಿದ್ದ ಕೊಂಡಮ್ಮ ಎಂಬಾಕೆಗೆ ಕಾರು ಗುದ್ದಿ, ಆಕೆ ರಸ್ತೆಯಲ್ಲೇ ಪ್ರಾಣ ಬಿಟ್ಟಿದ್ದಳು. ಕಾರು ಇದೇ ಊರಿನ ಮೋಹನ್‌ಬಾಬುವಿನದು. ಕೇಸು ಬಿದ್ದದ್ದು ಅವನ ಡ್ರೈವರ್ ಬಯ್ಯಪ್ಪನ ಮೇಲೆ. “ನಾನು ಓಡಿಸ್ತಿರಲಿಲ್ಲ” ಎಂದು ಬಯ್ಯಪ್ಪ ಗೋಗರೆದರೂ ಕೇಳುವವರಿರಲಿಲ್ಲ. ಓಡಿಸುತ್ತಿದ್ದವರನ್ನು ಕಣ್ಣಾರೆ ಕಂಡವರು ವೆಂಕಟರವಣಪ್ಪ ಒಬ್ಬರೇ. “ಯಾರು ಅನ್ನೋದನ್ನ ಕೋರ್ಟಲ್ಲೇ ಹೇಳ್ತೀನಮ್ಮ. ಅಲ್ಲೀವರೆಗೂ ನನ್ನ ಬಾಯಿ ಬಿಡಿಸಬೇಡ,” ಎಂದಿದ್ದರು.

“ಕಾಫಿ ಕುಡಿಯಮ್ಮ,” ಯಶೋದಮ್ಮ ಲೋಟ ಮುಂದಿಟ್ಟರು. “ಪ್ಯಾಕೆಟ್ ಹಾಲಿಂದು. ಹಸು ಗಬ್ಬ, ಹಾಲು ಬತ್ತಿ ತಿಂಗಳಾಯ್ತು.”

ಯಾಮಿನಿ ಲೋಟ ಕೈಗೆತ್ತಿಕೊಂಡು ಮತ್ತೆ ಪದಬಂಧದ ಮೇಲೆ ಬಾಗಿದಳು.

ಚಿಂತಾಮಣಿಯಲ್ಲಿ ಹೈಸ್ಕೂಲು ಓದುವಾಗ ಅವಳು ಬಿಡಿಸಿದ ಮೊದಲ ಸುಳಿವು ಇಂದಿಗೂ ಬಾಯಿಪಾಠ. ‘ಕೆರೆಯ ಹೂವಿಗೆ ನಡುವೇ ಇಲ್ಲದಿದ್ದರೆ ಇರುಳೆಲ್ಲ ಮಿನುಗುತ್ತದೆ.’ ಎರಡಕ್ಷರ. ಮೂರು ದಿನ ತಲೆ ಕೆರೆದುಕೊಂಡಿದ್ದಳು. ನಾಲ್ಕನೆಯ ದಿನ ಬಸ್ಸಿನಲ್ಲಿ ನಿಂತಿದ್ದಾಗ ತಾವರೆಯ ನಡುವಿನ ‘ವ’ ಉದುರಿ ‘ತಾರೆ’ ಉಳಿಯಿತು. ಅವಳು ಗಟ್ಟಿಯಾಗಿ ನಕ್ಕಳು, ಕಂಡಕ್ಟರು ಬೈದ.

ಗೂಢ ಪದಬಂಧದ ರುಚಿಯೇ ಅದು. ಕಟ್ಟಿದವನು ಸುಳ್ಳು ಹೇಳಿರುವುದಿಲ್ಲ, ನಿಜವನ್ನು ನೆಟ್ಟಗೆ ಹೇಳಿರುವುದೂ ಇಲ್ಲ. ಉತ್ತರ ಹೊಳೆದಾಗ ಮೊದಲು ಅವನ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಪ್ರೀತಿ. ವರ್ಷಗಟ್ಟಲೆ ಭಾನುವಾರಕ್ಕೊಮ್ಮೆ ಹಾಗೆ ಸಿಟ್ಟಾಗಿ, ಹಾಗೆ ಪ್ರೀತಿಸಿದ ಮನುಷ್ಯ ಈಗ ಎಲ್ಲೋ ಬಾಯಾರಿ ಬಿದ್ದಿರಬಹುದು.

“ನೋಡಿ ಇದನ್ನ,” ಎಂದು ಓದಿದಳು. “‘ಶಿರವನ್ನು ಸಂತೆಗೆ ಹಾಕಿದರೂ ವಂಶ ಮುಂದುವರಿಯುತ್ತದೆ.’ ನಾಲ್ಕಕ್ಷರ. ತಲೆ, ಮಾರು. ತಲೆಮಾರು. ಆಮೇಲೆ ಇದು. ‘ಆ ಕಡೆಯಿಂದ ನೋಡಿ, ಈ ಕಡೆಯಿಂದ ನೋಡಿ, ನೋಡುವುದು ಅದೇ.’ ನಯನ. ಎರಡು ಕಡೆಯಿಂದ ಓದಿದ್ರೂ ನಯನವೇ.”

“ನಂಗೆ ಆ ಚೌಕದ ಕಾಟ ಅರ್ಥ ಆಗಲ್ಲಮ್ಮ,” ಯಶೋದಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. “ಅವರೆಲ್ಲಿದಾರೆ ಅಂತ ಅದರೊಳಗೆ ಬರ್ದಿದಾರಾ, ಅಷ್ಟು ಹೇಳು.”

ಬರೆದಿರಲಿಲ್ಲ. ಯಾಮಿನಿ ಬೆಳಿಗ್ಗೆಯಿಂದ ಮೊದಲಕ್ಷರ ಜೋಡಿಸಿದ್ದಳು, ಕೊನೆಯಕ್ಷರ ಜೋಡಿಸಿದ್ದಳು, ಮೂಲೆಯಿಂದ ಮೂಲೆಗೆ ಓದಿದ್ದಳು, ಹಿಂದುಮುಂದಾಗಿ ಓದಿದ್ದಳು. ಒಂದು ಊರಿಲ್ಲ, ಒಂದು ಹೆಸರಿಲ್ಲ. ಕಷ್ಟದಲ್ಲಿದ್ದೇನೆ ಎನ್ನುವ ಒಂದು ಮಾತೂ ಇಲ್ಲ.

“ಬರೀ ತಮಾಷೆನೇ ಇದೆ ಅಮ್ಮಾ. ಮೊದಲನೇದೇ ನೋಡಿ, ಎಡದಿಂದ ಬಲಕ್ಕೆ ಒಂದು. ‘ಮಾವಿನಲ್ಲಿ ಕಂಡರೆ ಬಿಸಾಡುವಿರಿ, ಮನೆಯಲ್ಲಿ ಕಂಡರೆ ಕುಣಿದಾಡುವಿರಿ.’ ಹಣ್ಣುಹುಳು.”

ಕಣ್ಣೊತ್ತಿಕೊಳ್ಳುತ್ತಿದ್ದ ಕೈ ಅಲ್ಲೇ ನಿಂತಿತು.

“ಏನಂದೆ?”

“ಹಣ್ಣುಹುಳು.”

“ಅದು ಒಂದನೇದಾ? ಮೇಲುಗಡೆ ಮೂಲೇದಾ?”

“ಹೂಂ. ಯಾಕೆ?”

ಯಶೋದಮ್ಮ ಎದ್ದು ನಿಂತರು. ಮತ್ತೆ ಕೂತರು. ನಾಚಿಕೆಯೋ ಭಯವೋ, ಎರಡೂ ಸೇರಿದ ಏನೋ ಒಂದು ಮುಖದ ಮೇಲೆ ಬಂತು.

“ಗುರುವಾರ ಗುರುವಾರ ಅವರು ಅದನ್ನ ಬರಿಯೋಕೆ ಕೂತ್ಕೊಳ್ಳೋದು. ನಾನು ಬೆಳಿಗ್ಗೆ ರೇಷ್ಮೆ ಹುಳದ್ಮನೆಯಿಂದ ಆಚೆ ಬರ್ತಿದ್ದಂಗೆ ಕೇಳ್ತಾರೆ, ‘ಏನೇ, ಒಳಗೇನು ಸಮಾಚಾರ?’ ಅಂತ. ನಾನು ಏನು ಹೇಳ್ತೀನೋ ಅದನ್ನೇ ಮೊದಲನೇ ಸಾಲಲ್ಲಿ ಕೂರಿಸ್ತಾರೆ. ಅದು ಕೂತ ಮೇಲೇನೇ ಮಿಕ್ಕಿದ್ದು. ಅದಿಲ್ದೆ ಕೈಯೇ ಓಡಲ್ಲ ಅಂತಾರೆ. ಮೊದಲಿಂದಾನೂ ಹಂಗೇ.”

“ಪ್ರತಿ ವಾರನಾ?”

“ಪ್ರತಿ ವಾರ. ಹುಳ ಇಲ್ದಿರೋ ವಾರ ‘ಸುಣ್ಣ’ ಅಂತೀನಿ, ‘ಸೊಪ್ಪು’ ಅಂತೀನಿ. ಅದನ್ನೇ ಬರೀತಾರೆ.”

ಯಾಮಿನಿ ಮನಸ್ಸಿನಲ್ಲೇ ಹಿಂದಿನ ಭಾನುವಾರಗಳನ್ನು ತಿರುವಿ ಹಾಕಿದಳು. ಹೋದ ವಾರದ ಮೊದಲ ಉತ್ತರ ‘ಚಾಕಿ’. ಆಗಷ್ಟೇ ಮೊಟ್ಟೆಯೊಡೆದ ಎಳೆಯ ಹುಳು. ಅದಕ್ಕೂ ಹಿಂದಿನ ವಾರ ‘ಸುಣ್ಣ’. ಇಷ್ಟು ವರ್ಷ ಬಿಡಿಸಿದ್ದಾಳೆ, ಒಂದು ದಿನವೂ ಗಮನಿಸಿರಲಿಲ್ಲ.

“ಇದು ಯಾರ್ಯಾರಿಗೆ ಗೊತ್ತು?”

“ಅಯ್ಯೋ ದೇವುಡಾ, ಇದನ್ನ ಯಾರಿಗೆ ಹೇಳ್ಕೊಂಡು ಓಡಾಡ್ಲಿ?”

“ಸರಿ. ಈ ಗುರುವಾರ ನಿಮ್ಮ ಹುಳ ಹಣ್ಣಾಗಿದ್ವಾ?”

“ಅದೇ ನಾನು ಹೇಳ್ತಿರೋದು. ನಮ್ಮವು ಈಗ ಮೂರನೇ ಜ್ವರಕ್ಕೆ ಕೂತವೆ. ಹಣ್ಣಾಗೋಕೆ ಇನ್ನೂ ಹತ್ತು ಹನ್ನೆರಡು ದಿನ ಬೇಕು.”

ಜ್ವರವೆಂದರೆ ಕಾಯಿಲೆಯಲ್ಲ. ರೇಷ್ಮೆಹುಳು ತಿನ್ನುವುದು ನಿಲ್ಲಿಸಿ, ಪೊರೆ ಬಿಡಲು ಅಲ್ಲಾಡದೆ ಮಲಗುವ ಹೊತ್ತು. ಅಂಥ ನಾಲ್ಕು ಜ್ವರ ದಾಟಿ, ಸೊಪ್ಪು ತಿಂದು ಕೊಬ್ಬಿ, ಕೊನೆಗೊಂದು ದಿನ ಮೈ ಹಳದಿಗಟ್ಟಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆಯೆತ್ತಿದಾಗ ಅದು ಹಣ್ಣುಹುಳು. ವೆಂಕಟರವಣಪ್ಪನವರ ಮನೆಯಲ್ಲಿ ಗುರುವಾರ ಅಂಥ ಒಂದು ಹುಳುವೂ ಇರಲಿಲ್ಲ.

ಇನ್ನೊಬ್ಬರ ಮನೆಯಲ್ಲಿ ಇತ್ತು. ಆ ಮನೆಯಲ್ಲಿ ಅವರೂ ಇದ್ದರು.

ಯಾಮಿನಿಯ ಬೆನ್ನು ನೆಟ್ಟಗಾಯಿತು. “ಗುರುವಾರ ಈ ಸುತ್ತಿನಲ್ಲಿ ಯಾರ ಮನೇಲಿ ಹಣ್ಣಾದವು, ಜ್ಞಾಪಿಸ್ಕೊಂಡು ಹೇಳಿ.”

“ಜ್ಞಾಪಿಸ್ಕೊಳ್ಳೋದೇನು? ಹಣ್ಣಾದ್ರೆ ಊರಿಗೇ ಗೊತ್ತಾಗ್ತದೆ. ಎಲ್ಲಾ ಒಂದೇ ದಿನ ಹಣ್ಣಾಗ್ತವಲ್ಲ, ಆಯ್ದು ಗೂಡು ಕಟ್ಟೋ ಚಂದ್ರಿಕೆಗೆ ಬಿಡೋಕೆ ಮನೆಯೋರ ಕೈ ಸಾಕಾಗಲ್ಲ. ಬೀದಿ ಹೆಂಗಸರನ್ನೆಲ್ಲ ಕೂಗಿ ಕರೀತಾರೆ. ಉಪ್ಪಿಟ್ಟು, ಕಾಫಿ, ಒಂಥರಾ ಮದುವೆಮನೆ ಇದ್ದಂಗೆ. ಗುರುವಾರ ಯಾರೂ ಕರೀಲಿಲ್ಲ.”

ಹೇಳುತ್ತಾ ಹೇಳುತ್ತಾ ಆಕೆಯ ದನಿ ನಿಧಾನವಾಯಿತು.

“ಒಬ್ಬರು ಕರೀಬೇಕಿತ್ತು. ಅವರ ಹುಳ ನಮಗಿಂತ ಎರಡು ವಾರ ಮುಂದಿದ್ವು. ಪ್ರತಿ ಬೆಳೆಗೂ ನನ್ನನ್ನೇ ಮೊದಲು ಕರೆಯೋನು. ಈ ಸಲ ಕರೀಲಿಲ್ಲ. ದುಃಖದ ಮನೆಯೋಳು ಅಂತ ಬಿಟ್ಟನೇನೋ ಅಂದ್ಕೊಂಡು ಸುಮ್ನಾದೆ.”

“ಯಾರಮ್ಮಾ?”

“ಮೋಹನ. ಮೋಹನ್‌ಬಾಬು.”

ಕೊಂಡಮ್ಮನಿಗೆ ಗುದ್ದಿದ ಕಾರಿನ ಮಾಲೀಕ. ಯಾಮಿನಿ ಲೋಟ ಕೆಳಗಿಟ್ಟು ಎದ್ದಳು. ಯಶೋದಮ್ಮ ಚಪ್ಪಲಿ ಹುಡುಕಲು ಒಳಗೆ ಹೋದರು.

ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಸೊಸೆ ತನುಶ್ರೀ ಕಾಣಿಸಿಕೊಂಡಳು. ಕೈಯಲ್ಲಿ ಮುಚ್ಚಳ ಬಿಗಿದ ಹಾಲಿನ ಕ್ಯಾನು, ಸ್ಕೂಟರಿನ ಕೀಲಿ.

“ಮೇಡಂ, ಡೈರಿಗೆ ಹೋಗ್ಬರ್ತೀನಿ.”

“ಇರಿ,” ಎಂದಳು ಯಾಮಿನಿ. “ಈಗ ಯಾರೂ ಆಚೆ ಹೋಗೋದು ಬೇಡ. ಫೋನ್ ಏನಾದ್ರೂ ಬಂದ್ರೆ ನೀವೇ ಮಾತಾಡಬೇಕು. ನಮ್ಮ ಕಾನ್‌ಸ್ಟೆಬಲ್ ಪದ್ಮಶ್ರೀ ನಿಮ್ಮ ಜೊತೆ ಇರ್ತಾರೆ.”

“ಐದು ನಿಮಿಷ ಮೇಡಂ. ಹೊತ್ತು ಮೀರಿದ್ರೆ…”

“ಒಂದು ಹೊತ್ತು ಹಾಲು ಹಾಕದಿದ್ರೆ ಏನೂ ಆಗಲ್ಲ.”

ತನುಶ್ರೀ ಕ್ಯಾನು ನೆಲಕ್ಕಿಟ್ಟಳು. ಅದು ಟಣ್ ಎಂದಿತು. ಯಾಮಿನಿಯ ಕಿವಿಗೆ ಆ ಸದ್ದು ಬಿತ್ತು, ತಲೆಗೆ ಹೋಗಲಿಲ್ಲ. ಅವಳ ತಲೆಯ ತುಂಬ ಮೋಹನ್‌ಬಾಬುವೇ ಇದ್ದ.

“ನಾನೂ ಬರ್ತೀನಿ,” ಎನ್ನುತ್ತಾ ಯಶೋದಮ್ಮ ನಡುಮನೆಗೆ ಬಂದರು. ಬೇಡವೆಂದರೂ ಬಿಡಲಿಲ್ಲ. ಕಾನ್‌ಸ್ಟೆಬಲ್ ಪದ್ಮಶ್ರೀಯನ್ನು ಮನೆಯಲ್ಲಿ ಬಿಟ್ಟು ಇಬ್ಬರೂ ಜೀಪು ಹತ್ತಿದರು. ದಾರಿಯಲ್ಲಿ ಯಶೋದಮ್ಮ ಮಗನ ಮಾತೆತ್ತಿದರು. ಗೌರಿಬಿದನೂರಿನಲ್ಲಿ ಕೆಲಸದಲ್ಲಿರುವ ಕನಕರಾಜ್ ರಜೆ ಹಾಕಿ, ನಾಲ್ಕು ದಿನದಿಂದ ಬೈಕಿನಲ್ಲಿ ಊರೂರು ಸುತ್ತುತ್ತಿದ್ದಾನಂತೆ, ಅಪ್ಪನ ಫೋಟೊ ಹಿಡಿದುಕೊಂಡು. “ಒಂದು ತುತ್ತು ನೆಟ್ಟಗೆ ತಿಂದಿಲ್ಲ ನನ್ನ ಮಗ,” ಎಂದರು.

ಮೋಹನ್‌ಬಾಬುವಿನ ಮನೆ ಡೈರಿ ದಾಟಿ, ಹಿಪ್ಪುನೇರಳೆ ತೋಟದ ನಡುವೆ. ಜಗಲಿಯ ಮೇಲೆ ಅವನು ಪದಬಂಧವನ್ನೇ ಮುಂದಿಟ್ಟುಕೊಂಡು ಕೂತಿದ್ದ. ಎಲ್ಲ ಚೌಕಗಳೂ ತುಂಬಿದ್ದವು. ಜಂಗಮಕೋಟೆಯಲ್ಲಿ ಟೀ ಅಂಗಡಿಯ ಮುಂದೆ ಭಾನುವಾರ ಸೇರುವ ಪದಬಂಧದ ಗುಂಪಿಗೆ ಅವನೇ ಯಜಮಾನ. ಅವನಿಗಿಂತ ಮೊದಲು ಬಿಡಿಸಿದೆ ಎಂದವರನ್ನು ಅವನು ಸುಳ್ಳರೆಂದೇ ನಂಬುತ್ತಿದ್ದ.

“ಬನ್ನಿ ಮೇಡಂ. ಬಾ ಅಕ್ಕ. ಎಂಥ ಸುಳಿವು ಕೊಟ್ಟಿದಾರೆ ನೋಡಿ ನಮ್ಮ ಯಜಮಾನ್ರು. ಅಲ್ಲೆಲ್ಲೋ ಚೆನ್ನಾಗೇ ಇದಾರೆ, ಇಲ್ಲದಿದ್ರೆ ಇಂಥ ಪದ ಕೂರಲ್ಲ.”

“ಎಲ್ಲಾ ಬಿಡಿಸಿದ್ರಾ?”

“ಕಾಫಿ ಆರೋ ಅಷ್ಟರಲ್ಲಿ.”

“ಏನಾದ್ರೂ ಬಚ್ಚಿಟ್ಟು ಹೇಳಿದಾರಾ ಅಂತ ನಾನೂ ನೋಡ್ತಿದ್ದೆ. ನಂಗೇನೂ ಸಿಗಲಿಲ್ಲ.”

“ಸಿಗಲ್ಲ ಮೇಡಂ, ನಾನೂ ನೋಡಿದೀನಿ. ಮೊದಲಕ್ಷರ, ಕೊನೇ ಅಕ್ಷರ, ಮೂಲೆಯಿಂದ ಮೂಲೆಗೆ, ತಿರುಗಾಮುರುಗಾ. ಏನೂ ಇಲ್ಲ. ಅಪ್ಪಟ ಪದಬಂಧ.”

ಯಾಮಿನಿ ಜಗಲಿಯ ಅಂಚಿಗೆ ಕೂತಳು. “ನಾನು ಪೊಲೀಸು, ಅನುಮಾನಪಟ್ಟು ನೋಡಿದೆ. ನೀವ್ಯಾಕೆ ನೋಡಿದ್ರಿ?”

“ಏನು?”

“ಚೆನ್ನಾಗಿ ಊರು ಸುತ್ತುತ್ತಾ ಇರೋರ ಪದಬಂಧದಲ್ಲಿ ಬಚ್ಚಿಟ್ಟ ಮಾತು ಯಾಕೆ ಹುಡುಕಿದ್ರಿ ಮೋಹನ್‌ಬಾಬು? ಮುಚ್ಚಿಡೋಕೆ ಏನಾದ್ರೂ ಇದೆ ಅಂತ ಗೊತ್ತಿರೋನು ತಾನೇ ಹಂಗೆ ಹುಡುಕೋದು?”

ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. ಮತ್ತೆ ತೆಗೆದ.

“ಅಭ್ಯಾಸ ಮೇಡಂ. ಪದಬಂಧ ಬಿಡಿಸೋನಿಗೆ ನೆಟ್ಟಗಿರೋದೂ ಸೊಟ್ಟಗೇ ಕಾಣ್ತದೆ.”

“ಹೂಂ. ಅದಕ್ಕೇ ನೆಟ್ಟಗಿರೋದು ನಿಮ್ಮ ಕಣ್ಣು ತಪ್ಪಿಸಿಕೊಳ್ತು.” ಯಾಮಿನಿ ಅವನ ಪತ್ರಿಕೆಯ ಮೇಲೆ ಬೆರಳಿಟ್ಟಳು. “ಈ ಬೆಳೆ ಹೆಂಗಾಯ್ತು ನಿಮ್ಮದು?”

“ಹೋಯ್ತು ಮೇಡಂ. ಹಾಲುರೋಗ. ಎಲ್ಲಾ ಗುಂಡಿಗೆ ಹಾಕಿ ಸುಣ್ಣ ಸುರಿದೆ. ಅದಕ್ಕೇ ಹುಳದ್ಮನೆ ಹತ್ರ ಯಾರನ್ನೂ ಬಿಟ್ಟುಕೊಳ್ತಿಲ್ಲ. ಬೇರೆಯೋರ ಹುಳಕ್ಕೂ ಅಂಟಿಬಿಡ್ತದೆ.”

ಯಾಮಿನಿಯ ಫೋನ್ ಗುನುಗಿತು. ಪದ್ಮಶ್ರೀ. “ಮೇಡಂ, ಕನಕರಾಜ್ ಅವರು ಬಂದಿದ್ರು. ಹಾಲು ನಾನೇ ಹಾಕಿ ಬರ್ತೀನಿ ಅಂತ ಕ್ಯಾನ್ ತಗೊಂಡು ಹೋದ್ರು. ಬಿಟ್ಟೆ.”

“ಆಯ್ತು, ಬಿಡಿ,” ಎಂದು ಯಾಮಿನಿ ಫೋನ್ ಜೇಬಿಗೆ ಹಾಕಿದಳು. ಬಲೆಗೆ ಬಿದ್ದ ಮೀನು ಒದ್ದಾಡುವಾಗ ಹಾಲಿನ ಲೆಕ್ಕ ಯಾರಿಗೆ ಬೇಕು.

ಆದರೆ ಮೀನು ಹಿಡಿದದ್ದು ಅವಳಲ್ಲ. ಅಷ್ಟು ಹೊತ್ತೂ ಮಾತಾಡದೆ ನಿಂತಿದ್ದ ಯಶೋದಮ್ಮ ಮನೆಯ ಪಕ್ಕದ ಓಣಿಯತ್ತ ಮುಖ ಮಾಡಿ ಉಸಿರೆಳೆದುಕೊಳ್ಳುತ್ತಿದ್ದರು.

“ಮೋಹನ, ರೋಗ ಬಂದು ಹುಳ ಸತ್ತ ಮನೆ ನಾನೂ ನೋಡಿದೀನಿ. ಆ ವಾಸನೆ ಒಂದು ಸಲ ಮೂಗಿಗೆ ಬಿದ್ರೆ ಅನ್ನ ಸೇರಲ್ಲ. ಇದು ಆ ವಾಸನೆ ಅಲ್ಲಪ್ಪ. ಗೂಡು ಕಟ್ಟೋ ವಾಸನೆ.”

“ಅಕ್ಕ, ನೀನು ಸುಮ್ನಿರು.”

“ಚಂದ್ರಿಕೆ ತುಂಬ ಹುಳ ಬಿಟ್ಟಿದೀಯ. ಒಬ್ಬನೇ ಆಯ್ದೆಯಾ ಅಷ್ಟನ್ನೂ? ಯಾರು ಜೊತೆಗಿದ್ರು?”

ಮೋಹನ್‌ಬಾಬು ತಲೆ ತಗ್ಗಿಸಿದ. ಊರಿನ ಸಾಹುಕಾರ, ಗುಂಪಿನ ಯಜಮಾನ, ಆ ಹೆಂಗಸಿನ ಮುಂದೆ ಶಾಲೆ ತಪ್ಪಿಸಿಕೊಂಡ ಹುಡುಗನಾದ.

“ಅವರ ಕೈಗೆ ಸುಮ್ನೆ ಕೂರೋಕೆ ಬರಲ್ಲ,” ಯಶೋದಮ್ಮನ ದನಿ ಒಡೆಯಿತು. “ಅವರೇ ಆಯ್ದಿರ್ತಾರೆ. ನಂಗೆ ಗೊತ್ತು. ಎಲ್ಲಿ ಅವರು?”

ಯಾರ ಉತ್ತರಕ್ಕೂ ಕಾಯದೆ ಆಕೆ ಓಣಿಗೆ ನುಗ್ಗಿದರು. ಯಾಮಿನಿ ಹಿಂದೆಯೇ ಓಡಿದಳು. ಮೋಹನ್‌ಬಾಬು ಅಡ್ಡ ಬಂದ. ತಡೆಯಲೆಂದು ಚಾಚಿದ ಕೈ ಅರ್ಧದಲ್ಲೇ ಇಳಿಯಿತು.

“ಮೇಡಂ, ಒಂದು ಮಾತು. ಕಾರು ನನ್ನದು, ಕೀಲಿ ಕೊಟ್ಟೋನೂ ನಾನೇ, ಹೌದು. ಕೊಂಡಮ್ಮನ ಸಾವಿಗೆ ನಾನೂ ಬಾಧ್ಯಸ್ಥ, ಅದೂ ಹೌದು. ಆದ್ರೆ ಅವತ್ತು ಓಡಿಸ್ತಿದ್ದೋನು ನನ್ನ ಮನೆಯೋನಲ್ಲ.”

“ಅದನ್ನ ಕೋರ್ಟಲ್ಲಿ ಹೇಳಿ. ಅವರನ್ನ ಕೂಡಿಹಾಕಿ ಫೋನ್ ಮುರುಗಮಲ್ಲಕ್ಕೆ ಒಯ್ದು ಆನ್ ಮಾಡಿದ್ದು ಯಾಕೆ, ಅದನ್ನೂ ಹೇಳಿ.”

“ಫೋನ್ ಒಯ್ದೆ. ಕೂಡಿಹಾಕಲಿಲ್ಲ.”

“ಸುಳ್ಳು ಸಾಕು.”

“ಬಾಗಿಲು ನೋಡಿ ಮೇಡಂ,” ಎಂದ ಮೋಹನ್‌ಬಾಬು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಹಿತ್ತಿಲ ಕೊನೆಗೆ ಉದ್ದನೆಯ ಹುಳುಮನೆ. ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ದೊಡ್ಡ ತಟ್ಟೆಗಳನ್ನು, ಸೂರಿನಡಿ ಗೋಡೆಗೆ ಸಾಲಾಗಿ ಒರಗಿಸಿದ್ದರು. ಸುರುಳಿ ಸುರುಳಿಯಲ್ಲೂ ಬಂಗಾರದ ಬಣ್ಣದ ಗೂಡು. ಮುಳುಗುವ ಬಿಸಿಲಿನಲ್ಲಿ ನೋಡಲು ಎರಡು ಕಣ್ಣು ಸಾಲದು, ಆದರೆ ನೋಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಯಾಮಿನಿ ಬಾಗಿಲ ಹತ್ತಿರ ಹೋದಳು. ಚಿಲಕ ಬಿಚ್ಚಿಕೊಂಡು ಜೋತಾಡುತ್ತಿತ್ತು. ಬೀಗವಿರಲಿಲ್ಲ. ಅವಳು ಬಾಗಿಲು ತಳ್ಳಿದಳು. ಅಲ್ಲಾಡಲಿಲ್ಲ. ಮತ್ತೊಮ್ಮೆ ಭುಜ ಕೊಟ್ಟು ತಳ್ಳಿದಳು.

ಅಗಳಿ ಒಳಗಿನಿಂದ ಹಾಕಿತ್ತು.

ಒಂದು ಕ್ಷಣ ಅವಳ ತಲೆ ಓಡಲಿಲ್ಲ. ನಾಲ್ಕು ದಿನದಿಂದ ಅವಳು ಹುಡುಕಿದ್ದು ಯಾರೋ ಕಟ್ಟಿಹಾಕಿದ ಮುದುಕನನ್ನು. ಒಳಗಿರುವ ಮನುಷ್ಯ ತಾನೇ ಬಾಗಿಲು ಹಾಕಿಕೊಂಡಿದ್ದ. ಹಾಗಾದರೆ ಆ ಮೊದಲ ಉತ್ತರ ಯಾರಿಗೂ ಕಳಿಸಿದ ಸುದ್ದಿಯಾಗಿರಲಿಲ್ಲ. ಎಲ್ಲವನ್ನೂ ಮುಚ್ಚಿಟ್ಟವರಿಗೆ ಗುರುವಾರದ ಅಭ್ಯಾಸವನ್ನು ಮುಚ್ಚಿಡಲು ಆಗಿರಲಿಲ್ಲ, ಅಷ್ಟೇ.

ಬಾಗಿಲು ತಳ್ಳಿದ ಸದ್ದಿಗೆ ಒಳಗೆ ಮಂಚ ಕಿರುಗುಟ್ಟಿತು. ಕ್ಷೀಣವಾದ ದನಿ ಕೇಳಿಸಿತು, ನಾಲಿಗೆ ಅಂಟಿಕೊಂಡವರ ದನಿ.

“ತನುಶ್ರೀನಾ? ಯಾಕಮ್ಮ ಇಷ್ಟು ಹೊತ್ತು? ಬೆಳಿಗ್ಗೆಯೂ ಬರಲಿಲ್ಲ. ಸೂಜಿ ತಂದ್ಯಾ?”

ಯಾಮಿನಿಗೆ ಈಗ ಹೊಳೆಯಿತು. ಹಸು ಹಾಲು ಬತ್ತಿದ ಮನೆ. ಪ್ಯಾಕೆಟ್ ಹಾಲಿನ ಕಾಫಿ. ಡೈರಿಗೆಂದು ಹೊರಟ ಕ್ಯಾನು ನೆಲಕ್ಕಿಟ್ಟರೆ ಖಾಲಿ ಪಾತ್ರೆಯಂತೆ ಟಣ್ ಎಂದಿತ್ತು. ಎರಡು ಹೊತ್ತೂ ಆ ಕ್ಯಾನಿನಲ್ಲಿ ಇನ್ಸುಲಿನ್ ಇಲ್ಲಿಗೆ ಬರುತ್ತಿತ್ತು. ಇವತ್ತು ಸಂಜೆ ಅದನ್ನು ತಡೆದು ನಿಲ್ಲಿಸಿದವಳು ತಾನೇ.

ಅವಳು ಯಶೋದಮ್ಮನತ್ತ ತಿರುಗಿದಳು. ನಾಲ್ಕು ದಿನ ಪಕ್ಕದಲ್ಲೇ ಕೂತು ಬೆನ್ನು ಸವರಿದ ಸೊಸೆಯ ಹೆಸರು ಗಂಡನ ಬಾಯಲ್ಲಿ ಕೇಳಿದ ಆಕೆ ಅಳಲಿಲ್ಲ. ಸೆರಗು ಬಿಗಿದು, ಬಾಗಿಲಿಗೆ ಹಣೆಯಾನಿಸಿ ನಿಂತರು. ಆಮೇಲೆ, ವರ್ಷಗಟ್ಟಲೆ ಪ್ರತಿ ಗುರುವಾರ ಕೇಳಿಸಿಕೊಂಡ ಮಾತನ್ನು ಮೊದಲ ಸಲ ತಾವೇ ಕೇಳಿದರು.

“ಏನ್ರೀ, ಒಳಗೇನು ಸಮಾಚಾರ?”

ಒಳಗೆ ಮಂಚ ಮತ್ತೊಮ್ಮೆ ಕಿರುಗುಟ್ಟಿತು.

ತಡವರಿಸುವ ಹೆಜ್ಜೆಗಳು ಬಾಗಿಲವರೆಗೆ ಬಂದವು. ಅಗಳಿಯ ಮೇಲೆ ಕೈ ಬಿದ್ದ ಸದ್ದಾಯಿತು. ತೆಗೆಯಲಿಲ್ಲ.

“ಯಶೋದಾ,” ಎಂದಿತು ದನಿ, ಹಲಗೆಯ ಆಚೆಗೆ, ತೀರ ಹತ್ತಿರದಲ್ಲಿ. “ನೀನ್ಯಾಕೆ ಬಂದೆ? ಕನಕ ನಿನ್ನ ಜೊತೇಲಿ ಇದಾನಾ?”

“ಇಲ್ಲ. ಯಾಕೆ?”

“ನಾಳೆ ಕಳೀಲಿ. ನಾನು ಕೋರ್ಟಿಗೆ ಹೋದ್ರೆ ಸುಳ್ಳು ಹೇಳೋಕಾಗಲ್ಲ ಕಣೇ. ನಿಜ ಹೇಳಿದ್ರೆ ನಿನಗೆ ಮಗ ಇರಲ್ಲ.”

ಯಶೋದಮ್ಮ ಹಣೆಯನ್ನು ಬಾಗಿಲಿನಿಂದ ತೆಗೆಯಲಿಲ್ಲ. ಆ ಮಾತು ಆಕೆಯ ಮೈಯೊಳಗೆ ಇಳಿಯುವುದನ್ನು ಯಾಮಿನಿ ಕಣ್ಣಾರೆ ಕಂಡಳು. ಮೋಹನ್‌ಬಾಬು ಮುಖ ತಿರುಗಿಸಿಕೊಂಡ.

“ಬಯ್ಯಪ್ಪಂಗೂ ತಾಯಿ ಇದಾಳಲ್ರೀ,” ಎಂದರು ಯಶೋದಮ್ಮ, ಬಹಳ ಮೆಲ್ಲಗೆ.

ಒಳಗಿನಿಂದ ಬಾಗಿಲಿಗೆ ಭಾರವಾದದ್ದೇನೋ ಒರಗಿತು. ಒರಗಿದ್ದು ಹಲಗೆಯುದ್ದಕ್ಕೂ ನಿಧಾನವಾಗಿ ಜಾರುತ್ತಾ ಹೋಗಿ ನೆಲಕ್ಕೆ ಕುಸಿಯಿತು.

“ಸರ್,” ಯಾಮಿನಿ ಬಾಗಿಲು ಬಡಿದಳು. “ಸರ್, ಅಗಳಿ ತೆಗೀರಿ. ಮೋಹನ್‌ಬಾಬು, ಹಾರೆ ತನ್ನಿ, ಬೇಗ.”

ಆಗ ತೋಟದ ದಾರಿಯಲ್ಲಿ ಬೈಕಿನ ಸದ್ದು ಕೇಳಿಸಿತು. ಹಿಪ್ಪುನೇರಳೆ ಸಾಲುಗಳ ನಡುವಿನಿಂದ ದೀಪ ತೂರಿ ಬಂತು, ಓಣಿಯ ಬಾಯಿಗೆ ಬಂದು ನಿಂತಿತು. ಬೈಕಿನ ಮೇಲೆ ಕನಕರಾಜ್. ಹ್ಯಾಂಡಲಿಗೆ ಹಾಲಿನ ಕ್ಯಾನು ನೇತುಬಿದ್ದಿತ್ತು.

ಅವನು ಮೊದಲು ಖಾಕಿ ನೋಡಿದ. ಆಮೇಲೆ ತಾಯಿಯನ್ನು ನೋಡಿದ.

“ಕನಕಾ,” ಯಶೋದಮ್ಮ ಕೈ ಚಾಚಿದರು. “ನಿಮ್ಮಪ್ಪ ಬಿದ್ದೋಗಿದಾರೆ ಕಣೋ. ಸೂಜಿ ಕೊಡಪ್ಪ. ಸೂಜಿ ಒಂದು ಕೊಟ್ಟು ಎಲ್ಲಿಗಾದ್ರೂ ಹೋಗು.”

ಅವನ ಒಂದು ಕಾಲು ನೆಲದ ಮೇಲಿತ್ತು. ಎಂಜಿನ್ ಆಡುತ್ತಲೇ ಇತ್ತು. ಯಾಮಿನಿ ಒಂದು ಹೆಜ್ಜೆ ಮುಂದಿಟ್ಟಳು, ಅಷ್ಟೇ ಸಾಕಾಯಿತು. ಕನಕರಾಜ್ ಗಾಡಿ ತಿರುಗಿಸಿದ. ಮಣ್ಣು ಹಾರಿತು, ದೀಪ ಮರಗಳ ಮೇಲೆ ಒಂದು ಸುತ್ತು ಸುತ್ತಿ ದಾರಿಯ ಕಡೆಗೆ ಓಡಿತು.

ಕ್ಯಾನೂ ಅವನ ಜೊತೆಗೇ ಹೋಯಿತು.